ಎದ್ದು ಹೋಗಿ ಬಂದ ಮೇಲಿನ ಐದನೇ ಎಳೆ

ಪ್ರಶಾಂತಿ ಬುಧವಾರ ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದಳು. ವಿಮಾನ ಹಾರಿಸುವ ಮಗಳು, ತಿಂಗಳ ಮುಂಚೆಯೇ ರಜೆಯ ದಿನ ತಿಳಿಸುವ ಮಗಳು, ಗದ್ವಾಲ ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಒಂದು ಚಿಕ್ಕ ಚೀಲದೊಂದಿಗೆ ಬಾಗಿಲಲ್ಲಿ ನಿಂತರೆ ತಾಯಿಗೆ ಗಾಬರಿಯಾಗದೆ ಇದ್ದೀತೆ? ತಿರುಪತಮ್ಮ ಮಗ್ಗದಿಂದೆದ್ದು ನೀರು ಕೊಟ್ಟಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಏನಾಯಿತು ಎಂದು ಮಾತ್ರ ಕೇಳಲಿಲ್ಲ. ಹೊಟ್ಟೆ ತುಂಬಿ ಒಂದು ನಿದ್ದೆಯಾದರೆ ಹೇಳಬೇಕಾದವರು ತಾವೇ ಹೇಳುತ್ತಾರೆ ಎಂಬುದು ಅವಳ ಅನುಭವ.

ಹಾಗೆಯೇ ಆಯಿತು. ಗುರುವಾರ ಬೆಳಿಗ್ಗೆ ಇಬ್ಬರೂ ಶೇಂಗಾ ಸುಲಿಯುತ್ತ ಕೂತಾಗ ಪ್ರಶಾಂತಿ ಬಾಯಿ ಬಿಟ್ಟಳು.

ವಿಮಾನ ನೆಲ ಬಿಟ್ಟೇಳುವ ಮುಂಚೆ ಅದರ ರೆಕ್ಕೆಯ ಹಿಂಬದಿಯ ಭಾಗವನ್ನು ಸ್ವಲ್ಪ ಕೆಳಗಿಳಿಸಬೇಕಂತೆ. ಅದಕ್ಕೆ ಫ್ಲ್ಯಾಪ್ ಅನ್ನುತ್ತಾರೆ. ಅದು ಇಳಿಯದೆ ಹೊರಟರೆ ವಿಮಾನ ಏಳಲು ಒದ್ದಾಡುತ್ತದೆ, ಎದ್ದರೂ ಬೀಳಬಹುದು. ಅವತ್ತು ಪ್ರಶಾಂತಿ ಅದನ್ನಿಳಿಸುವ ಹಿಡಿಕೆಗೆ ಕೈ ಚಾಚಿದ್ದಳು. ಅಷ್ಟರಲ್ಲಿ ರೇಡಿಯೋದಲ್ಲಿ ಕಂಟ್ರೋಲಿನವರು, ಈ ರನ್‌ವೇ ಬೇಡ, ಆಚೆ ಕಡೆಯದರಿಂದ ಹೊರಡಿ ಎಂದರು. ಚಾಚಿದ ಕೈ ವಾಪಸು ಬಂತು. ಅದೇ ಕೈಯಿಂದ ಹೊಸ ರನ್‌ವೇಯ ಅಂಕಿಗಳನ್ನು ಒತ್ತಿದಳು. ಎಲ್ಲ ತಣ್ಣಗಾದ ಮೇಲೆ ಕ್ಯಾಪ್ಟನ್ ಚೆಕ್‌ಲಿಸ್ಟ್ ಓದಿದರು. ಅವರು ಒಂದೊಂದೇ ಕೇಳಬೇಕು, ಇವಳು ನೋಡಿ ಉತ್ತರ ಹೇಳಬೇಕು. "ಫ್ಲ್ಯಾಪ್?" ಅಂದರು. "ಇಳಿದಿದೆ, ಹಸಿರು ದೀಪ" ಅಂದಳು.

ಫ್ಲ್ಯಾಪ್ ಇಳಿದಿರಲಿಲ್ಲ.

"ಆಮ್ಯಾಲೆ?" ಎಂದಳು ತಿರುಪತಮ್ಮ, ಕೈಯಲ್ಲಿನ ಶೇಂಗಾ ಹಾಗೇ ಹಿಡಿದು.

"ಎಂಜಿನ್ ಜೋರು ಮಾಡಿದ ಕೂಡ್ಲೆ ಎಚ್ಚರಿಕಿ ಭೋಂಗಾ ಹೊಡ್ಕೊಂತವ್ವ. ಕ್ಯಾಪ್ಟನ್ ಅಲ್ಲೇ ನಿಲ್ಲಿಸಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಎಪ್ಪತ್ತು ಮಂದಿ ಇದ್ರು ಹಿಂದ."

ಈಗ ಕ್ಯಾಪ್ಟನ್, ಪ್ರಶಾಂತಿ ಇಬ್ಬರನ್ನೂ ಹಾರಾಟದಿಂದ ಇಳಿಸಿ ಕೂರಿಸಿದ್ದರು. ಸೋಮವಾರ ಹೈದರಾಬಾದಿನಲ್ಲಿ ವಿಚಾರಣೆ. ಅದಕ್ಕೂ ಮೊದಲು, ಶುಕ್ರವಾರ ಸಂಜೆ ಐದರೊಳಗೆ, ನಡೆದದ್ದನ್ನು ಪ್ರಶಾಂತಿ ತನ್ನ ಮಾತಿನಲ್ಲಿ ಬರೆದು ಕಳಿಸಬೇಕಿತ್ತು. ಅವಳು ಬರೆದದ್ದೂ ಆಗಿತ್ತು. ಅದರಲ್ಲಿ, ನಾನು ನೋಡಿದೆ, ಹಸಿರು ದೀಪ ಹತ್ತಿತ್ತು ಎಂದಿತ್ತು.

"ಹಂಗಾದ್ರ ದೀಪದ ತಪ್ಪು" ಎಂದಳು ತಿರುಪತಮ್ಮ ನಿರಾಳವಾಗಿ.

"ದೀಪ ಆಮ್ಯಾಲೆ ಪರೀಕ್ಷೆ ಮಾಡ್ಯಾರ. ಸರಿ ಐತಿ ಅಂದ್ರು." ಪ್ರಶಾಂತಿ ಸಿಪ್ಪೆಯನ್ನು ಉಗುರಿನಿಂದ ಗೀರಿದಳು. "ನಾ ಹತ್ತಿತ್ತು ಅಂತ ಬರದ್ರ, ದೀಪ ಒಮ್ಮೆ ಹತ್ತತೈತಿ ಒಮ್ಮೆ ಇಲ್ಲ ಅಂತಾಗತೈತಿ. ಆಗ ಬೆಳಿಗ್ಗೆ ಅದನ್ನ ನೋಡಿ ಸರಿ ಐತಿ ಅಂತ ಸಹಿ ಹಾಕಿದ ಮೆಕ್ಯಾನಿಕ್ ಗೋಪಾಲ್ ಅಂತ ಅದಾನ, ಅವನ್ನ ಕರದು ಕೇಳ್ತಾರ. ಕೆಲ್ಸಕ್ಕ ಬರಬ್ಯಾಡ ಅಂತ ಕೂಡ್ರಸ್ತಾರ."

"ದೀಪ ನೋಡಲಿಲ್ಲ ಅಂತ ಬರದ್ರ?"

"ನನ್ನ ಕೂಡ್ರಸ್ತಾರ. ಮತ್ತ ಏಳಸ್ತಾರೋ ಇಲ್ಲೋ."

ತಿರುಪತಮ್ಮ ಮಗಳ ಮುಖ ನೋಡಿದಳು. ಅದು ಸುಳ್ಳು ಹೇಳುವವಳ ಮುಖವಾಗಿರಲಿಲ್ಲ.

"ಖರೇ ಹೇಳು. ನೋಡೀದಿ?"

"ನೋಡೀನವ್ವ! ಕಣ್ಣು ಮುಚ್ಚಿದ್ರ ಈಗ್ಲೂ ಕಾಣ್ತೈತಿ. ಸಣ್ಣದು, ಹಸರು, ಮುಂದಿನ ಹಲಗಿ ಮ್ಯಾಲೆ."

ಆ ದಿನವೆಲ್ಲ ತಿರುಪತಮ್ಮನ ತಲೆಯಲ್ಲಿ ಅದೊಂದೇ ಓಡಿತು. ಮಗಳ ನೌಕರಿಯ ಚಿಂತೆ ಒಂದು ಕಡೆ ಇತ್ತು. ಅದಕ್ಕಿಂತ ಹೆಚ್ಚಾಗಿ ಒಂದು ವಿಚಿತ್ರವಾದ ಕುತೂಹಲ. ಹತ್ತದ ದೀಪ ಕಣ್ಣಿಗೆ ಹೇಗೆ ಕಾಣುತ್ತದೆ? ಬೇಳೆ ಕುಕ್ಕರಿಗೆ ಹಾಕುವಾಗ, ನೀರು ತುಂಬುವಾಗ, ಒಣಗಿದ ಬಟ್ಟೆ ಮಡಚುವಾಗ ಅದನ್ನೇ ತಿರುವಿ ತಿರುವಿ ನೋಡಿದಳು. ನಾರಾಯಣಪೇಟೆಗೆ ನೂಲು ತರಲು ಹೋಗಿದ್ದ ಗಂಡ ಮಾರ್ಕಂಡೇಯ ಫೋನು ಮಾಡಿದಾಗ, "ಮಗಳು ಬಂದಾಳ, ಆರಾಮ ಅದಾಳ" ಎಂದಷ್ಟೇ ಹೇಳಿ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಭೀಮಮ್ಮ ಬಂದಳು. ಅವಳು ಮಾರ್ಕಂಡೇಯನ ಅಣ್ಣನ ಹೆಂಡತಿ, ತಿರುಪತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಮಗ್ಗದಲ್ಲಿ ಇಬ್ಬರದೂ ಇಪ್ಪತ್ತು ವರ್ಷದ ಜೊತೆ. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಒಡಲಿಗೊಂದು ಲಾಳಿ, ಎರಡು ಅಂಚಿಗೆ ಬೇರೆ ಎರಡು. ಹತ್ತಿಯೂ ರೇಷ್ಮೆಯೂ ಸಂಧಿಸುವಲ್ಲಿ ಪ್ರತಿ ಸಾಲಿಗೂ ಎಳೆಗೆ ಎಳೆ ಕೊಂಡಿ ಬೀಳಬೇಕು. ಮೂರು ಲಾಳಿಯನ್ನು ಒಬ್ಬರೇ ನಡೆಸುವುದು ಕಷ್ಟ. ಆದ್ದರಿಂದ ತಿರುಪತಮ್ಮ ನಡುವೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಒಡಲೂ ಬಲಗಡೆಯ ಅಂಚೂ ನಡೆಸಿದರೆ, ಎಡಗಡೆಯ ಅಂಚಿಗೆ ಭೀಮಮ್ಮ ಕೂರುತ್ತಾಳೆ. ಪ್ರತಿ ಸಾಲಿಗೂ ತಿರುಪತಮ್ಮ ಕೇಳುತ್ತಾಳೆ, "ಕೂಡಿತಾ?" ಭೀಮಮ್ಮ ಕೊಂಡಿ ನೋಡಿ ಹೇಳುತ್ತಾಳೆ, "ಕೂಡ್ತು." ಆಮೇಲೆ ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಡಿಯುತ್ತದೆ. ಆ ಓಣಿಯ ಮಗ್ಗಗಳಲ್ಲೆಲ್ಲ ಹೀಗೇ. ಹೊರಗೆ ನಿಂತು ಕೇಳಿದರೆ ಇಬ್ಬರು ಹೆಂಗಸರು ದಿನವಿಡೀ ಒಂದೇ ಮಾತಾಡುತ್ತಿದ್ದಾರೆ ಎನ್ನಿಸಬೇಕು.

ಮಕ್ತಲಿನ ಚನ್ನವೀರಮ್ಮ ತನ್ನ ಮಗಳು ಕಾವ್ಯಳ ಮದುವೆಗೆ ಹೇಳಿದ್ದ ಸೀರೆ ಈಗ ಮಗ್ಗದ ಮೇಲಿತ್ತು. ಸೋಮವಾರ ಶುರು ಮಾಡಿದ್ದರು.

"ಏನವ್ವ, ಗಾಳ್ಯಾಗ ಹಾರೋಕಿ ಇವತ್ತೂ ನೆಲದ ಮ್ಯಾಲೇ ಅದಾಳಲ್ಲ?" ಎಂದಳು ಭೀಮಮ್ಮ ಮಗ್ಗದಲ್ಲಿ ತನ್ನ ಜಾಗಕ್ಕೆ ಕೂತು, ಹೊಸ್ತಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಪ್ರಶಾಂತಿಯನ್ನು ನೋಡಿ.

"ಇಳಿಸ್ಯಾರ ದೊಡ್ಡವ್ವ."

"ಯಾರಿಳಿಸ್ಯಾರ? ಕೂಡ್ತು. ಹೇಳು, ಯಾರು?"

ಪ್ರಶಾಂತಿ ಹೇಳಿದಳು. ಭೀಮಮ್ಮ ನಡುನಡುವೆ "ಕೂಡ್ತು, ಕೂಡ್ತು" ಎನ್ನುತ್ತಲೇ ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ ಅವಳ ತೀರ್ಪು ತಡವಾಗಲಿಲ್ಲ.

"ಅದಕ್ಯಾಕ ಇಷ್ಟು ಪರೇಶಾನಿ? ಕಾಣ್ತು ಅಂತಿ, ಕಾಣ್ತು ಅಂತ ಬರದಿ. ಕಳಿಸಿಬಿಡು. ಅಲ್ಲಿ ನಿನ್ನ ಕಣ್ಣಾಗ ಯಾರು ಇಣುಕಿ ನೋಡ್ಯಾರ?"

"ಆ ಗೋಪಾಲ್?"

"ಅವನ ದೀಪಕ್ಕ ಅವ ಜವಾಬು ಕೊಡ್ಲಿ."

"ಅಕ್ಕಾ, ಸ್ವಲ್ಪ ತಡಿ" ಎಂದಳು ತಿರುಪತಮ್ಮ. ಹಣಿಗೆ ನಿಂತಿತು. ನಿನ್ನೆಯಿಂದ ಅವಳ ತಲೆಯೊಳಗೆ ಸುತ್ತುತ್ತಿದ್ದದ್ದು ಈಗ ತುದಿ ಸಿಕ್ಕ ನೂಲಿನಂತೆ ಹೊರಬಂತು. "ಪ್ರಶಾಂತಿ, ಆ ಹಸರು ದೀಪ ನೀ ದಿನಾ ನೋಡ್ತಿ?"

"ದಿನಾ. ದಿನಕ್ಕ ನಾಕು ಸಲ."

"ನಿನ್ನ ಕಣ್ಣಾಗ ಕಾಣೋದು ಯಾವತ್ತಿನ ದೀಪ?"

ಪ್ರಶಾಂತಿ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟಳು. ಅವಳ ಮುಖ ಕೆಂಪಾಯಿತು.

"ನೀನೂ ನನ್ನ ನಂಬಂಗಿಲ್ಲೇನು?"

"ನಂಬದೆ ಏನು ಮಗಾ. ನಂಗ ತಿಳ್ಕೊಬೇಕಾಗೈತಿ. ಸುಳ್ಳು ಹೇಳದಿದ್ದೋರ ಬಾಯಿಂದ ಇಲ್ಲದ್ದು ಹ್ಯಾಂಗ ಬರತೈತಿ ಅಂತ."

ಪ್ರಶಾಂತಿ ಎದ್ದು ಅಡಿಗೆಮನೆಗೆ ಹೋದಳು. ಒಳಗೆ ಲೋಟ ಸದ್ದಾಯಿತು. ಭೀಮಮ್ಮ ದನಿ ತಗ್ಗಿಸಿ, "ನಿಂಗ ಸುಮ್ಮನ ಕೂಡ್ರಾಕ ಬರಂಗಿಲ್ಲ. ನೊಂದ್ಕೊಂಡು ಬಂದ ಕೂಸಿಗೆ ವಕೀಲರ ಗತೆ ಕೇಳ್ತಿ" ಎಂದು ಬೈದಳು.

ತಿರುಪತಮ್ಮನ ಕಣ್ಣು ಮುಂದಿನ ಬಟ್ಟೆಯ ಮೇಲಿತ್ತು. ಮಗ್ಗದ ಕೆಲಸ ನಡುವೆ ನಿಂತರೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳ ಬಿಗಿ ಸಡಿಲವಾಗಿ, ಮತ್ತೆ ಶುರು ಮಾಡಿದ ಕಡೆ ಬಟ್ಟೆಯಲ್ಲಿ ಕೂದಲಿನಷ್ಟು ತೆಳು ಗೆರೆಯೊಂದು ಅಡ್ಡಕ್ಕೆ ಉಳಿಯುತ್ತದೆ. ಸೀರೆ ಉಟ್ಟವರಿಗೆ ಅದು ತಿಳಿಯುವುದಿಲ್ಲ, ಒಂದು ಸಲ ನೀರಿಗೆ ಹಾಕಿದರೆ ಹೋಗುತ್ತದೆ. ನೇಯುವವರಿಗೆ ಮಾತ್ರ ತಾವು ಎಲ್ಲೆಲ್ಲಿ ಎದ್ದೆವು ಎಂದು ಓದಲು ಬರುತ್ತದೆ. ಹಾಗೆಯೇ ಅಂಚಿನಲ್ಲಿ ಒಂದು ಕೊಂಡಿ ತಪ್ಪಿದರೆ ಮಗ್ಗದ ಮೇಲೆ ಗೊತ್ತಾಗುವುದಿಲ್ಲ. ಬೆಳಕಿಗೆ ಹಿಡಿದರೆ ಸಾಸಿವೆಯಷ್ಟು ಕಿಂಡಿ ಕಾಣುತ್ತದೆ. ಸೀರೆ ಇಳಿಸಿದ ಮೇಲೆ ಅಂಥವನ್ನು ಹುಡುಕಿ ಸೂಜಿಯಿಂದ ಸರಿ ಮಾಡುವುದು ರೂಢಿ. ಎಷ್ಟೋ ವರ್ಷಗಳಿಂದ ಅವಳು ಮಾಡುತ್ತ ಬಂದಿದ್ದಳು. ಆ ಕಿಂಡಿಗಳು ಎಲ್ಲಿ ಬೀಳುತ್ತವೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಅಕ್ಕಾ, ದಿಂಡು ಬಿಚ್ಚೋಣ" ಎಂದಳು.

"ಏನು? ಅರ್ಧಾ ಸೀರಿ ಆಗಿಲ್ಲ, ಬಿಚ್ಚೋದೇನು?"

"ನೇಯ್ದದ್ದು ಸುತ್ತೀವಲ್ಲ, ಅಷ್ಟು ಬಿಚ್ಚಿ ಕಿಟಕಿಗೆ ಹಿಡಿಯೋಣ. ಪ್ರಶಾಂತಿ, ಬಾ ಇಲ್ಲಿ. ಒಂದು ಕೈ ಹಿಡಿ."

ಪ್ರಶಾಂತಿ ಮುನಿಸಿನಲ್ಲೇ ಬಂದಳು. ಬಂದದ್ದಂತೂ ಬಂದಳು. ಬಿಗಿ ಸಡಿಲಿಸಿ, ದಿಂಡಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಅವಳೂ ತಾಯಿಯೂ ಅಂಚನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಭೀಮಮ್ಮ ಕನ್ನಡಕ ಮೂಗಿಗೇರಿಸಿದಳು.

"ಇಲ್ಲೊಂದು" ಎಂದಳು ಪ್ರಶಾಂತಿ. ಅವಳ ಕಣ್ಣು ಚುರುಕು.

ಸಾಸಿವೆಯಷ್ಟು ಬೆಳಕು. ತಿರುಪತಮ್ಮ ಅದರ ಕೆಳಗೆ ಉಗುರಿಟ್ಟು ಹಿಂದಕ್ಕೆ ಒಂದೊಂದೇ ಸಾಲು ಎಣಿಸಿದಳು. ಐದು ಸಾಲು ಹಿಂದೆ ಆ ತೆಳು ಗೆರೆ ಇತ್ತು.

"ಇದು ಮಂಗಳವಾರದ್ದು" ಎಂದಳು. "ಸಿಲಿಂಡರ್ ಬಂತಲ್ಲ, ಆಗ ಎದ್ದಿದ್ವಿ."

"ಎದ್ದಾಗ ಬಿಟ್ಟೋಗಿರಬೇಕು" ಎಂದಳು ಭೀಮಮ್ಮ.

"ಅಲ್ಲಕ್ಕ. ಎದ್ದದ್ದು ಇಲ್ಲಿ, ಗೆರಿ ಇದ್ದಲ್ಲಿ. ಬಂದು ಕುಂತು ನಾಕು ಸಾಲು ಸರಿಯಾಗಿ ಹಾಕೀವಿ. ಐದನೇದ್ದು ತಪ್ಪೈತಿ."

ಮುಂದೆ ಹುಡುಕಿದರು. ಮಂಗಳವಾರ ಸಂಜೆ ಚನ್ನವೀರಮ್ಮ ಮಕ್ತಲಿನಿಂದ ಫೋನು ಮಾಡಿ, ಅಂಚಿನ ಬಣ್ಣ ಗಾಢವಾಗಿರಲಿ ಎಂದು ಕಾಲು ಗಂಟೆ ಮಾತಾಡಿದ್ದಳು. ಆಗ ಎದ್ದ ಕಡೆ ಗೆರೆ, ಗೆರೆಯಿಂದ ಆರನೇ ಸಾಲಿಗೆ ಕಿಂಡಿ. ಬುಧವಾರ ಮಧ್ಯಾಹ್ನ ಆಟೋ ಬಂದು ನಿಂತದ್ದು. ಅಲ್ಲಿಯೂ ಗೆರೆ, ಐದನೇ ಸಾಲಿಗೆ ಕಿಂಡಿ. ಪ್ರಶಾಂತಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತಾನು ಕೈಕಾಲು ತೊಳೆದು ಉಂಡು ಮಲಗಿದ ಮೇಲೆ ಅವರಿಬ್ಬರೂ ಮತ್ತೆ ಕೂತಿದ್ದು ಅವಳಿಗೆ ನಿದ್ದೆಗಣ್ಣಿನಲ್ಲಿ ಕೇಳಿಸಿತ್ತು. ಕೂಡಿತಾ, ಕೂಡ್ತು, ಕೂಡಿತಾ, ಕೂಡ್ತು.

"ದೊಡ್ಡವ್ವ, ಈ ಸಾಲಿಗೂ ನೀ ಕೂಡ್ತು ಅಂದಿರಬೇಕಲ್ಲ?"

"ಅಂದೀನಿ ಮತ್ತ. ಅನ್ನದೆ ನಿಮ್ಮವ್ವ ಹಣಿಗಿ ಹೊಡಿತಾಳೇನು?"

"ನೋಡಿ ಅಂದಿ?"

"ನೋಡದೆ ಅಂತೀನೇನು? ಇಪ್ಪತ್ತು ವರ್ಷ ಆತು!" ಭೀಮಮ್ಮನ ದನಿ ಏರಿತು. "ಎಳಿಗೆ ಎಳಿ ಕೊಂಡಿ ಬಿದ್ದದ್ದು ಈಗ್ಲೂ ಕಣ್ಣಾಗ ಕಟ್ಟಿದಂಗ ಐತಿ. ಬೇಕಾದ್ರ ದೇವರ ಮುಂದ ದೀಪ ಹಚ್ಚಿ ಹೇಳ್ತೀನಿ."

ಯಾರೂ ನಗಲಿಲ್ಲ. ಪ್ರಶಾಂತಿ ದೊಡ್ಡವ್ವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ. ಬೆಳಕು ಮಾತ್ರ ಆ ಕಿಂಡಿಯಿಂದ ತೂರಿ ಬರುತ್ತಲೇ ಇತ್ತು.

ಭೀಮಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಬಗ್ಗಿ ನೋಡಿದಳು. "ಅಯ್ಯ, ಇಲ್ಲಲ್ಲ!" ಎಂದಳು, ಯಾರೋ ತನ್ನ ಜೇಬಿಂದ ಏನೋ ತೆಗೆದುಕೊಂಡು ಹೋದಂತೆ.

"ನೀ ಒಬ್ಬಾಕಿ ಅಲ್ಲಕ್ಕ" ಎಂದಳು ತಿರುಪತಮ್ಮ. "ನಾ ಕೇಳಿದೆ, ನೀ ಅಂದಿ. ನಾ ಆ ಕಡಿ ಕತ್ತು ತಿರುಗಿಸಿದ್ರ ನಂಗೂ ಕಾಣ್ತಿತ್ತು. ನಿನ್ನ ದನಿ ಕೇಳಿ ಹೊಡದೀನಿ."

"ಕ್ಯಾಪ್ಟನ್ನೂ ನನ್ನ ದನಿ ಕೇಳಿ ಹೊರಟ್ರು" ಎಂದಳು ಪ್ರಶಾಂತಿ ಮೆಲ್ಲಗೆ.

"ಅವರು ಕತ್ತು ತಿರುಗಿಸಿದ್ರ ದೀಪದ ಜಾಗ ಕಾಣ್ತಿತ್ತೇನು?"

"ಕಾಣ್ತಿತ್ತು. ಇಬ್ಬರ ನಡುವೆ ಇರತೈತಿ."

ತಿರುಪತಮ್ಮ ತಲೆಯಾಡಿಸಿದಳು. ಅವಳಿಗೆ ಇನ್ನೂ ಒಂದು ಬಗೆಹರಿದಿರಲಿಲ್ಲ. ಮೊದಲ ನಾಲ್ಕು ಸಾಲು ಯಾಕೆ ತಪ್ಪಲಿಲ್ಲ? ಎದ್ದು ಹೋಗಿ ಬಂದವರು ಬಂದ ಕೂಡಲೇ ತಪ್ಪಬೇಕಲ್ಲ. ಅವಳು ಮಗ್ಗದಲ್ಲಿ ಕೂತು, ಖಾಲಿ ಕೈಯಿಂದಲೇ ಲಾಳಿ ಎಸೆದಂತೆ ಮಾಡಿ ನೋಡಿದಳು. ಒಂದು, ಎರಡು, ಮೂರು. ಮಗಳು ಅದನ್ನು ನೋಡುತ್ತ ನಿಂತಳು.

"ಬಂದು ಕುಂತ ಕೂಡ್ಲೆ ಅಂಜಿಕಿ ಇರತೈತಿ" ಎಂದಳು ತಿರುಪತಮ್ಮ ಕೊನೆಗೆ. "ಎಲ್ಲಿದ್ವಿ, ಎಲ್ಲಿ ಬಿಟ್ವಿ ಅಂತ ಕಣ್ಣು ಹುಡುಕತಾವ. ನಾಕು ಸಾಲು ಆದ ಮ್ಯಾಲೆ ಕೈಗೆ ಓಟ ಸಿಗತೈತಿ. ಆಗ ಮನಸ್ಸು, ಇನ್ನೇನಿಲ್ಲ ಬಿಡು ಅಂತ, ಸಿಲಿಂಡರ್ ಕಡೆ ಹೋಗತೈತಿ. ಬಾಯಿ ಇಲ್ಲೇ ಇರತೈತಿ."

"ರನ್‌ವೇ ಬದಲಾದಾಗ ನಾ ಭಾಳ ಹುಷಾರಿದ್ದೆ" ಎಂದಳು ಪ್ರಶಾಂತಿ. ಅವಳು ನೆಲದ ಮೇಲೆ ಕೂತುಬಿಟ್ಟಳು. "ಅಂಕಿ ಎರಡೆರಡು ಸಲ ನೋಡೀನಿ. ಎಲ್ಲಾ ಸರಿಯಾತು ಅಂತ ಉಸಿರು ಬಿಟ್ಟೆ. ಆಮ್ಯಾಲೆ ಅವರು ಫ್ಲ್ಯಾಪ್ ಅಂದ್ರು..." ಕಿಟಕಿಯ ಕಡೆ ಒಮ್ಮೆ ಕತ್ತು ತಿರುಗಿಸಿ ನೋಡಿದಳು. "ನಂಗ ಆ ದೀಪ ನೆನಪೈತಿ. ದೀಪದ ಕಡೆ ಕತ್ತು ತಿರುಗಿಸಿದ್ದು ನೆನಪಿಲ್ಲವ್ವ."

ಭೀಮಮ್ಮ ಈ ಹೊತ್ತಿಗೆ ಸುಮ್ಮನಿರಲಾರದೆ ಬಟ್ಟೆಯನ್ನು ತಾನೇ ಎಳೆದುಕೊಂಡು ಹುಡುಕುತ್ತಿದ್ದಳು. "ಇಲ್ಲಿ ನೋಡ್ರಿ" ಎಂದಳು ಗೆದ್ದವಳಂತೆ. "ಇಲ್ಲೂ ಗೆರಿ ಐತಿ. ಕಿಂಡಿ ಎಲ್ಲೈತಿ ತೋರಿಸ್ರಿ. ಇಲ್ಲ!"

ಮೂವರೂ ಹುಡುಕಿದರು. ಹತ್ತು ಸಾಲು, ಇಪ್ಪತ್ತು ಸಾಲು. ನಿಜವಾಗಿ ಕಿಂಡಿಯಿರಲಿಲ್ಲ. ಅದು ನಿನ್ನೆ ಮಧ್ಯಾಹ್ನದ್ದು. ಊಟಕ್ಕೆದ್ದು ಬಂದಾಗ ಭೀಮಮ್ಮನ ಲಾಳಿಯಲ್ಲಿ ರೇಷ್ಮೆ ಮುಗಿದಿತ್ತು. ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಎಳೆಯ ತುದಿಯನ್ನು ಬೆರಳಲ್ಲಿ ಹಿಡಿದು, ಮೊದಲ ಹತ್ತು ಸಾಲು ಕೊಂಡಿಗಳನ್ನು ಮುಟ್ಟಿ ಮುಟ್ಟಿ ಬಿಗಿ ಮಾಡಿದ್ದಳು.

"ಬೆರಳಿಟ್ಟು ಕೂಡ್ತು ಅಂದ ಸಾಲು ತಪ್ಪಿಲ್ಲ" ಎಂದಳು ತಿರುಪತಮ್ಮ, ಹೊಸದೊಂದು ಊರು ಕಂಡವಳ ಹಾಗೆ.

ಪ್ರಶಾಂತಿ ಎದ್ದಳು. ಹೊಸ್ತಿಲ ಮೇಲಿದ್ದ ಲ್ಯಾಪ್‌ಟಾಪ್ ತೆಗೆದುಕೊಂಡು ಒಳಗೆ ಹೋದಳು.

ಅವಳು ಬರೆಯುವಷ್ಟು ಹೊತ್ತೂ ಮಗ್ಗ ಸದ್ದು ಮಾಡಲಿಲ್ಲ. ಭೀಮಮ್ಮ ಮೂರೂ ಕಿಂಡಿಗಳನ್ನು ಸೂಜಿಯಿಂದ ಕೂಡಿಸುತ್ತ ಕೂತಳು, ಯಾರಿಗೂ ಕೊಡಲಿಲ್ಲ. ತಿರುಪತಮ್ಮ ಅನ್ನಕ್ಕಿಟ್ಟಳು, ಟೊಮೆಟೊ ಸಾರು ಮಾಡಿದಳು, ಒಗ್ಗರಣೆಗೆ ಸಾಸಿವೆ ಹಾಕಿ ಅದು ಸಿಡಿಯುವುದನ್ನು ನಿಂತು ನೋಡಿದಳು. ಒಳಗೆ ಹೋಗಿ ಇಣುಕಬೇಕು ಎನ್ನಿಸುತ್ತಿತ್ತು. ಮಗಳು ಬರೆಯುವ ಇಂಗ್ಲಿಷು ಹೇಗೂ ತನಗೆ ತಿಳಿಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮೂರು ಗಂಟೆಗೆ ಪ್ರಶಾಂತಿ ಹೊರಗೆ ಬಂದು ಓದಿದಳು. ಒಂದೊಂದು ಸಾಲು ಇಂಗ್ಲಿಷಿನಲ್ಲಿ ನೋಡಿ, ಇವರಿಗಾಗಿ ಕನ್ನಡ ಮಾಡಿ.

"ಹಸರು ದೀಪ ಅಂತ ನಾ ಹೇಳಿದೆ. ಆಗ ನಾ ಅದನ್ನ ನೋಡಲಿಲ್ಲ ಅಂತ ಈಗ ನಂಗ ಅನಸ್ತೈತಿ. ನೋಡಿದಂಗ ನೆನಪೈತಿ ಖರೆ, ಆದ್ರ ಅದು ಬ್ಯಾರೆ ದಿನಗಳ ನೆನಪು. ಹಿಡಿಕಿಗೆ ಚಾಚಿದ ಕೈ ಹಿಂದಕ್ಕ ತಗೊಂಡಾಗ ಕೆಲ್ಸ ಅರ್ಧಕ್ಕ ನಿಂತೈತಿ ಅಂತ ಗುರುತು ಇಟ್ಕೊಳ್ಲಿಲ್ಲ. ಗಡಿಬಿಡಿಯೊಳಗ ನಾ ತಪ್ಪಲಿಲ್ಲ, ಗಡಿಬಿಡಿ ಮುಗೀತು ಅನ್ಕೊಂಡಾಗ ತಪ್ಪಿದೆ. ದೀಪದಾಗ ದೋಷ ಐತಿ ಅನ್ನಾಕ ನನ್ನ ಹತ್ರ ಏನೂ ಆಧಾರ ಇಲ್ಲ."

"ಇಷ್ಟು ಬಿಚ್ಚಿ ಬರದ್ರ ಹೆಂಗ ತಾಯಿ?" ಎಂದಳು ಭೀಮಮ್ಮ. ಬೆಳಿಗ್ಗೆಯ ಜೋರು ಆ ದನಿಯಲ್ಲಿರಲಿಲ್ಲ.

"ಬಿಚ್ಚಿದ್ದಕ್ಕೇ ಕಾಣ್ತಲ್ಲ ದೊಡ್ಡವ್ವ."

ಪ್ರಶಾಂತಿ ತಾಯಿಯ ಕಡೆ ನೋಡಿದಳು. ತಿರುಪತಮ್ಮನ ಕೈ ಒದ್ದೆಯಿತ್ತು. ಸೆರಗಿಗೆ ಒರೆಸಿಕೊಂಡಳು. ಆರು ವರ್ಷ ಓದಿಸಿ, ಪರೀಕ್ಷೆಗಳನ್ನು ದಾಟಿಸಿ ಕೂರಿಸಿದ ಕುರ್ಚಿ ಅದು. ಬೇಡ ಎನ್ನಲು ಬಾಯಿಗೆ ಬಂತು. ಕಳಿಸು ಎನ್ನಲೂ ಬಂತು. ಎರಡನ್ನೂ ಅನ್ನದೆ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಬಿಸಿಯಾಗಿತ್ತು. ಪ್ರಶಾಂತಿ ಕಳಿಸಿದಳು.

ಭಾನುವಾರದ ರೈಲಿಗೆ ಅವಳು ಹೊರಟಳು. ಮಂಗಳವಾರ ಬೆಳಿಗ್ಗೆ, ಮಗ್ಗ ಓಡುತ್ತಿದ್ದಾಗ, ಫೋನು ಬಂತು. ತಿರುಪತಮ್ಮ ಸ್ಪೀಕರಿಗೆ ಹಾಕಿದಳು.

"ಅವ್ವ, ಮೂರು ತಾಸು ಕೇಳಿದ್ರು. ಕ್ಯಾಪ್ಟನ್ನೂ ತಾನು ನೋಡಲಿಲ್ಲ ಅಂತ ಒಪ್ಕೊಂಡ್ರು. ಇಬ್ಬರಿಗೂ ಮತ್ತ ತರಬೇತಿ. ತಿಂಗಳು ಕೂಡ್ರಸ್ಯಾರ, ಆಮ್ಯಾಲೆ ಪರೀಕ್ಷೆ. ಗೋಪಾಲ್‌ನ್ನ ಕರೀಲೇ ಇಲ್ಲ."

"ಬೈದ್ರೇನು?"

"ಬೈಲಿಲ್ಲ. ಅವರಾಗ ಒಬ್ಬರು ವಯಸ್ಸಾದೋರು, ನಡುವೆ ಅಡ್ಡಿ ಬಂದಾಗ ಏನು ಮಾಡಬೇಕಿತ್ತು ಅನಸ್ತೈತಿ ಅಂದ್ರು. ಚೆಕ್‌ಲಿಸ್ಟ್ ಮೊದಲಿಂದ ಓದಬೇಕಿತ್ತು, ಉತ್ತರ ಹೇಳೋ ಮುಂಚೆ ಹಿಡಿಕಿ ಮುಟ್ಟಬೇಕಿತ್ತು ಅಂದೆ. ಮೊದಲಿಂದ ಓದೋದು ಪುಸ್ತಕದಾಗೂ ಐತವ್ವ. ನಾ ಓದೀನಿ, ಪರೀಕ್ಷೆದಾಗ ಬರದೂ ಬಂದೀನಿ."

"ಓದಿದ್ರೂ ತಪ್ಪತೈತಿ?"

"ತಪ್ಪತೈತಿ."

ತಿರುಪತಮ್ಮನಿಗೆ ಇನ್ನೂ ಹತ್ತು ಕೇಳುವುದಿತ್ತು. ಅಷ್ಟರಲ್ಲಿ ಭೀಮಮ್ಮ ಫೋನಿನ ಕಡೆ ಬಗ್ಗಿ, "ಪರೀಕ್ಷೆ ಪಾಸಾಗ್ತೀ ಇಲ್ಲ?" ಎಂದು ಕೂಗಿದಳು.

"ಗೊತ್ತಿಲ್ಲ ದೊಡ್ಡವ್ವ. ಹತ್ತರಾಗ ಇಬ್ಬರು ಮೂವರನ್ನ ಫೇಲ್ ಮಾಡ್ತಾರ."

ಆಗ್ತೀ ಮಗಾ, ಯಾಕ ಆಗಂಗಿಲ್ಲ? ಆ ಮಾತು ತಿರುಪತಮ್ಮನ ನಾಲಗೆಯ ತುದಿಗೆ ತಾನಾಗಿ ಬಂದಿತ್ತು. ಮಗಳು ಒಂದನೇ ತರಗತಿಗೆ ಹೋದ ದಿನದಿಂದ ಪ್ರತಿ ಪರೀಕ್ಷೆಗೂ, ರೊಟ್ಟಿ ಬಡಿಯುತ್ತ, ಮಗಳ ಕಡೆಗೆ ತಿರುಗಿಯೂ ನೋಡದೆ, ಅವಳು ಹೇಳಿದ ಮಾತು. ಈ ಸಲ ಅದನ್ನು ಅಲ್ಲೇ ತಡೆದು ಹಿಡಿದಳು.

"ಅಂಜಿಕಿ ಆಗೈತೇನು?" ಎಂದು ಕೇಳಿದಳು.

"ಹೂಂ. ಆಗೈತವ್ವ."

"ಹೇಳು" ಎಂದಳು ತಿರುಪತಮ್ಮ. ಲಾಳಿಯನ್ನು ಬಟ್ಟೆಯ ಮೇಲಿಟ್ಟು, ಗುಂಡಿಯಿಂದ ಕಾಲೆತ್ತಿ, ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.